ಒಂದು ಪೆನ್ನಿಯ ಲೆಕ್ಕ

1919ರ ನವೆಂಬರ್ 1, ಶನಿವಾರ. ಪೂರ್ವ ಲಂಡನ್ನಿನ ಪಾಪ್ಲರ್‌ನಲ್ಲಿ ಆ ದಿನ ಸ್ಥಳೀಯ ಕೌನ್ಸಿಲನ್ನು ಆರಿಸಲು ಮತಗಟ್ಟೆಗೆ ಹೋದವರ ಕೈಗೆ ಸಿಕ್ಕಿದ ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರುಗಳಿದ್ದವು. ಚಿಹ್ನೆ ಇರಲಿಲ್ಲ, ಪಕ್ಷದ ಹೆಸರೂ ಇರಲಿಲ್ಲ. ಬ್ರಿಟನ್ನಿನ ಮತಪತ್ರಗಳಲ್ಲಿ ಪಕ್ಷದ ಹೆಸರು ಅಚ್ಚಾಗಲು ಇನ್ನೂ ಅರ್ಧ ಶತಮಾನ ಕಾಯಬೇಕಿತ್ತು. ವಾರ್ಡಿಗೆ ಒಬ್ಬರಲ್ಲ, ಹಲವು ಸದಸ್ಯರು. ಎಷ್ಟು ಸ್ಥಾನಗಳಿವೆಯೋ ಮತದಾರನಿಗೆ ಅಷ್ಟೇ ಮತಗಳು. ತಮ್ಮ ಕಡೆಯವರ ಹೆಸರುಗಳೆಲ್ಲ ನೆನಪಿದ್ದರೆ ಮಾತ್ರ ಅವುಗಳ ಎದುರು ಸರಿಯಾಗಿ ‘X’ ಗುರುತು ಹಾಕಲು ಸಾಧ್ಯ. ಹಾಗಾಗಿ ಪಕ್ಷದ ಕಾರ್ಯಕರ್ತರಿಗೆ ಭಾಷಣಕ್ಕಿಂತ ದೊಡ್ಡ ಕೆಲಸ ಮನೆಮನೆಗೆ ಹೋಗಿ ಹೆಸರುಗಳನ್ನು ಬಾಯಿಪಾಠ ಮಾಡಿಸುವುದೇ ಆಗಿತ್ತು.

ಮಹಾಯುದ್ಧ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ಮಡಿದವರ ನೆನಪಿಗೆ ಇಡೀ ದೇಶ ಮೊದಲ ಬಾರಿ ಎರಡು ನಿಮಿಷ ಮೌನವಾಗಿ ನಿಂತದ್ದು ಈ ಚುನಾವಣೆಯಾದ ಹತ್ತು ದಿನಕ್ಕೆ. ಯುದ್ಧದಿಂದ ಮರಳಿದವರಿಗೆ ಒಳ್ಳೆಯ ಮನೆ ಕಟ್ಟಿಕೊಡುತ್ತೇವೆಂದು ಸರ್ಕಾರ ಮಾತು ಕೊಟ್ಟಿತ್ತು. ಆದರೆ ಮನೆ ಕಟ್ಟಬೇಕಾದವರು, ಚರಂಡಿ ತೆಗೆಸಬೇಕಾದವರು, ಸ್ನಾನಗೃಹ ನಡೆಸಬೇಕಾದವರು ವೆಸ್ಟ್‌ಮಿನ್‌ಸ್ಟರಿನ ಮಂತ್ರಿಗಳಲ್ಲ, ಬರೋ ಎಂಬ ಸ್ಥಳೀಯ ಆಡಳಿತ ವಿಭಾಗದ ಕೌನ್ಸಿಲಿನ ಸದಸ್ಯರು. ಆಗ ಲಂಡನ್ನಿನಲ್ಲಿ ಅಂಥ 28 ಬರೋಗಳು, ಅವುಗಳ ಮೇಲೆ ಇಡೀ ನಗರಕ್ಕೊಂದು ಲಂಡನ್ ಕೌಂಟಿ ಕೌನ್ಸಿಲ್. ಲಂಡನ್ನಿನ ಬರೋಗಳಿಗೆ ಮೂರು ವರ್ಷಕ್ಕೊಮ್ಮೆ ಪೂರ್ತಿ ಕೌನ್ಸಿಲಿನ ಚುನಾವಣೆ. ಇಂಗ್ಲೆಂಡಿನ ಉಳಿದ ಊರುಗಳಲ್ಲಿ ಪ್ರತಿ ವರ್ಷ ಮೂರನೆಯ ಒಂದು ಪಾಲು ಸದಸ್ಯರ ಚುನಾವಣೆ.

ಎಲ್ಲರಿಗೂ ಮತವಿತ್ತೇ ಎಂದರೆ, ಇರಲಿಲ್ಲ. 1918ರ ಕಾಯ್ದೆ 21 ದಾಟಿದ ಗಂಡಸರೆಲ್ಲರಿಗೂ ಸಂಸತ್ತಿನ ಮತ ಕೊಟ್ಟಿತ್ತು. ಸ್ಥಳೀಯ ಚುನಾವಣೆಯ ನಿಯಮ ಬೇರೆ. ಮನೆಯನ್ನೋ ಕೋಣೆಯನ್ನೋ ಸ್ವಂತವಾಗಿ ಇಲ್ಲವೆ ಬಾಡಿಗೆಗೆ ಹಿಡಿದವರಿಗೆ ಮಾತ್ರ ಮತ. ಅಂಥವರ ಹೆಂಡತಿಗೆ 30 ತುಂಬಿದ್ದರೆ ಆಕೆಗೂ ಉಂಟು. ಸ್ವಂತ ಹೆಸರಿನಲ್ಲಿ ಮನೆ ಹಿಡಿದ ಹೆಂಗಸಿಗೆ 21ಕ್ಕೇ ಮತ. ತಂದೆತಾಯಿಯ ಜೊತೆಗಿರುವ ದುಡಿಯುವ ಮಗನಿಗೆ, ಮಂಚ ಕುರ್ಚಿ ಸಮೇತ ಬಾಡಿಗೆಗೆ ಸಿಗುವ ಕೋಣೆಯಲ್ಲಿರುವವನಿಗೆ, ಯಜಮಾನರ ಮನೆಯಲ್ಲೇ ಮಲಗುವ ಕೆಲಸದಾಕೆಗೆ ಇಲ್ಲ. ಯುದ್ಧದಲ್ಲಿ ಹೋರಾಡಿ ಬಂದು ಅಪ್ಪನ ಮನೆಯಲ್ಲಿರುವ ಯುವಕ ಪ್ರಧಾನಿಯ ಆಯ್ಕೆಯಲ್ಲಿ ಪಾಲುಗೊಳ್ಳಬಹುದಿತ್ತು, ತನ್ನ ಬೀದಿಯ ಕೌನ್ಸಿಲರನ್ನು ಆರಿಸುವಂತಿರಲಿಲ್ಲ. ಮನೆಕಂದಾಯದ ಭಾರ ಹೊರುವವರಿಗಷ್ಟೇ ಅದರ ಖರ್ಚಿನ ಬಗ್ಗೆ ಮಾತಾಡುವ ಹಕ್ಕು ಎಂಬ ಹಳೆಯ ತರ್ಕ 1945ರವರೆಗೂ ಹೀಗೇ ನಡೆಯಿತು.

ಮತವಿದ್ದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಮನೆಯಲ್ಲೇ ಉಳಿಯುವುದು ಲಂಡನ್ನಿನ ವಾಡಿಕೆ. ನವೆಂಬರಿನ ಚಳಿ, ಬೇಗ ಕವಿಯುವ ಕತ್ತಲೆ, ದುಡಿದು ದಣಿದ ಮೈ. ಪತ್ರಿಕೆಗಳೂ ಹೆಚ್ಚು ಗಮನ ಕೊಡುತ್ತಿರಲಿಲ್ಲ. ಆದರೆ 1919ರ ಆ ಶನಿವಾರದ ಎಣಿಕೆ ಮುಗಿದಾಗ ಪಾಪ್ಲರ್ ಕೌನ್ಸಿಲಿನ 42 ಸ್ಥಾನಗಳಲ್ಲಿ 39 ಲೇಬರ್ ಪಕ್ಷಕ್ಕೆ ಬಂದಿದ್ದವು. ಯುದ್ಧಕ್ಕೆ ಮುಂಚೆ ಇಡೀ ಲಂಡನ್ನಿನ ಬರೋಗಳಲ್ಲಿ ಐವತ್ತಕ್ಕೂ ಕಡಿಮೆ ಸದಸ್ಯರಿದ್ದ ಪಕ್ಷಕ್ಕೆ ಈಗ ಐನೂರಕ್ಕೂ ಮಿಕ್ಕಿ ಸದಸ್ಯರು.

ಪಾಪ್ಲರ್ ಎಂದರೆ ಹಡಗುಕಟ್ಟೆಗಳ ಊರು. ವೆಸ್ಟ್ ಇಂಡಿಯಾ ಡಾಕ್, ಈಸ್ಟ್ ಇಂಡಿಯಾ ಡಾಕ್ ಎರಡೂ ಅಲ್ಲಿಯೇ. ಬೆಳಿಗ್ಗೆ ಡಾಕಿನ ಗೇಟಿನ ಮುಂದೆ ಕೂಲಿಗಳು ಗುಂಪು ನಿಲ್ಲಬೇಕು, ಮೇಸ್ತ್ರಿ ಬೆರಳು ತೋರಿಸಿದವನಿಗೆ ಅಂದಿನ ಕೆಲಸ, ಉಳಿದವರು ವಾಪಸು. ಅಂಥ ಕಡೆಯ ಸುಮಾರು 1,60,000 ಜನರ ಆಡಳಿತ ಈಗ ರೈಲ್ವೆ ನೌಕರರು, ಡಾಕ್ ಕಾರ್ಮಿಕರು, ಗೃಹಿಣಿಯರು ಇದ್ದ ಗುಂಪಿನ ಕೈಗೆ ಬಂತು. ಸಂಸತ್ತಿಗೆ ನಿಲ್ಲಲು 150 ಪೌಂಡ್ ಠೇವಣಿ ಇಡಬೇಕಿದ್ದ ಕಾಲದಲ್ಲಿ ಕೌನ್ಸಿಲ್ ಚುನಾವಣೆಗೆ ಠೇವಣಿಯೇ ಇರಲಿಲ್ಲ, ಆದ್ದರಿಂದಲೇ ಇಂಥವರು ನಿಲ್ಲಲು ಸಾಧ್ಯವಾಯಿತು. ಸದಸ್ಯರಿಗೆ ಸಂಬಳವೂ ಇಲ್ಲ. ಹಗಲು ದುಡಿದು ಬಂದೇ ಊರಿನ ಕೆಲಸ ಮಾಡಬೇಕು. ಮೇಯರ್ ಆದವರು ಜಾರ್ಜ್ ಲ್ಯಾನ್ಸ್‌ಬರಿ. ಬಡವರ ಪರವಾಗಿ ದಶಕಗಳಿಂದ ದುಡಿದಿದ್ದವರು, ಮುಂದೆ ಲೇಬರ್ ಪಕ್ಷದ ನಾಯಕರಾದವರು, ಭಾರತದ ಸ್ವರಾಜ್ಯದ ಬೇಡಿಕೆಯ ಬೆನ್ನಿಗೆ ನಿಂತವರು.

ಪಕ್ಕದ ಸ್ಟೆಪ್ನಿಯಲ್ಲೂ ಲೇಬರ್ ಗೆದ್ದಿತ್ತು. ಅಲ್ಲಿ ಮೇಯರ್ ಪಟ್ಟಕ್ಕೆ ಗೆದ್ದ ಸದಸ್ಯರಲ್ಲದ ಒಬ್ಬರನ್ನು ಹೊರಗಿನಿಂದ ಕರೆತಂದರು. ಕಾನೂನು ಅದಕ್ಕೆ ಅವಕಾಶ ಕೊಟ್ಟಿತ್ತು. ಆತ ಆ ಭಾಗದಲ್ಲಿ ಹುಡುಗರ ಕ್ಲಬ್ ನಡೆಸಿದ್ದವರು, ಗಲ್ಲಿಪೋಲಿಯಲ್ಲಿ ಕಾದಾಡಿ ಬಂದ ಮೇಜರ್, ಅದೇ ವರ್ಷ ಮಾರ್ಚಿನಲ್ಲಿ ಕೌಂಟಿ ಕೌನ್ಸಿಲಿಗೆ ನಿಂತು ಸೋತಿದ್ದವರು. ಸ್ಟೆಪ್ನಿಯ ಕೊಳೆತ ಮನೆಗಳ ಮಾಲೀಕರಿಗೆ ರಿಪೇರಿ ಮಾಡಿಸಿರೆಂದು ಸಾವಿರಾರು ನೋಟಿಸು ಹೋದದ್ದು ಅವರ ಅವಧಿಯಲ್ಲೇ. ಹೆಸರು ಕ್ಲೆಮೆಂಟ್ ಅಟ್ಲೀ. 28 ವರ್ಷಗಳ ನಂತರ ಭಾರತಕ್ಕೆ ಅಧಿಕಾರ ಹಸ್ತಾಂತರಿಸಿದ ಪ್ರಧಾನಿ ಕಲಿತದ್ದು ಈ ಚರಂಡಿ, ತೇವದ ಗೋಡೆ, ಬಾಡಿಗೆ ಜಗಳಗಳ ಶಾಲೆಯಲ್ಲಿ.

ಪಾಪ್ಲರ್ ಕೌನ್ಸಿಲ್ ಬಂದ ಕೂಡಲೇ ಕೆಲಸ ಹಿಡಿಯಿತು. ನೌಕರರಿಗೆ ವಾರಕ್ಕೆ ಕನಿಷ್ಠ 4 ಪೌಂಡ್ ಕೂಲಿ ನಿಗದಿ ಮಾಡಿತು. ಗಂಡಸಿಗೆಷ್ಟೋ ಹೆಂಗಸಿಗೂ ಅಷ್ಟೇ. 1920ರ ಇಂಗ್ಲೆಂಡಿನಲ್ಲಿ ಇದು ಕೇಳರಿಯದ ಮಾತು. ಅಷ್ಟರಲ್ಲಿ ಯುದ್ಧಾನಂತರದ ವ್ಯಾಪಾರದ ಉಬ್ಬರ ಇಳಿದು 1921ರ ನಡುವಿನ ಹೊತ್ತಿಗೆ ದೇಶದಲ್ಲಿ ನಿರುದ್ಯೋಗಿಗಳ ಸಂಖ್ಯೆ ಇಪ್ಪತ್ತು ಲಕ್ಷ ದಾಟಿತ್ತು. ಡಾಕ್‌ಗಳಿಗೆ ಹಡಗು ಬರುವುದು ಕಡಿಮೆಯಾಯಿತೆಂದರೆ ಪಾಪ್ಲರಿನ ಮನೆಗಳಲ್ಲಿ ಒಲೆ ಹತ್ತುವುದೂ ಕಡಿಮೆ. ಕೆಲಸ ಕಳೆದುಕೊಂಡು ವಿಮೆಯ ಹಣವೂ ನಿಂತವರಿಗೆ ಉಳಿದ ದಾರಿ ಬಡವರ ಪರಿಹಾರ ಮಾತ್ರ. ಅದನ್ನು ಕೊಡುವುದು ಆಯಾ ಸ್ಥಳದವರೇ ಆರಿಸಿದ ಒಂದು ಮಂಡಲಿ, ಅದಕ್ಕೆ ಹಣ ಬರುವುದು ಆಯಾ ಸ್ಥಳದ ಕಂದಾಯದಿಂದ.

ಇಡೀ ಕಥೆಯ ಗಂಟು ಇರುವುದು ಈ ಕಂದಾಯದಲ್ಲೇ, ಸ್ವಲ್ಪ ನಿಂತು ನೋಡಬೇಕು. ಪ್ರತಿ ಕಟ್ಟಡಕ್ಕೂ ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದೆಂದು ಒಂದು ಬೆಲೆ ಕಟ್ಟುತ್ತಿದ್ದರು. ಆ ಬೆಲೆಯ ಪ್ರತಿ ಪೌಂಡಿಗೆ ಇಷ್ಟು ಷಿಲಿಂಗ್, ಇಷ್ಟು ಪೆನ್ನಿ ಎಂದು ಕೌನ್ಸಿಲ್ ಕಂದಾಯ ಗೊತ್ತುಮಾಡುತ್ತಿತ್ತು. ಪೌಂಡಿಗೆ 20 ಷಿಲಿಂಗ್, ಷಿಲಿಂಗಿಗೆ 12 ಪೆನ್ನಿ. 20 ಪೌಂಡ್ ಬೆಲೆಯ ಮನೆ ಇದೆಯೆನ್ನಿ. ಪೌಂಡಿಗೆ ಒಂದು ಪೆನ್ನಿ ಕಂದಾಯವೆಂದರೆ ಆ ಮನೆಯಿಂದ ವರ್ಷಕ್ಕೆ 20 ಪೆನ್ನಿ. ಈಗ ಎರಡು ಬರೋಗಳನ್ನು ಅಕ್ಕಪಕ್ಕ ಇಡಿ. ವೆಸ್ಟ್‌ಮಿನ್‌ಸ್ಟರಿನಲ್ಲಿ ದೊಡ್ಡ ಹೋಟೆಲುಗಳು, ಅಂಗಡಿಗಳು, ಕ್ಲಬ್ಬುಗಳು, ಶ್ರೀಮಂತರ ಮನೆಗಳು. ಪಾಪ್ಲರಿನಲ್ಲಿ ಒಂದಕ್ಕೊಂದು ಅಂಟಿದ ಸಣ್ಣ ಮನೆಗಳ ಸಾಲು. ಪೌಂಡಿಗೆ ಅದೇ ಒಂದು ಪೆನ್ನಿ ಹಾಕಿದರೆ ವೆಸ್ಟ್‌ಮಿನ್‌ಸ್ಟರಿಗೆ ಬರುವ ಹಣ ಪಾಪ್ಲರಿಗೆ ಬರುವುದಕ್ಕಿಂತ ಸುಮಾರು ಒಂಬತ್ತು ಪಟ್ಟು. ಹಸಿದವರು ಹೆಚ್ಚಿರುವುದೋ ಪಾಪ್ಲರಿನಲ್ಲಿ. ಹೀಗಾಗಿ ಅವರಿಗೆ ರೊಟ್ಟಿ ಕೊಡಬೇಕೆಂದರೆ ಅಕ್ಕಪಕ್ಕದ ಅರೆಹೊಟ್ಟೆಯವರ ಮೇಲೇ ಪೆನ್ನಿಯ ಮೇಲೆ ಪೆನ್ನಿ ಏರಿಸಬೇಕು. ಬಡವರ ಬೀದಿಗಳಲ್ಲಿ ಕಂದಾಯವನ್ನು ಮಾಲೀಕ ಬಾಡಿಗೆಯಲ್ಲೇ ಸೇರಿಸಿ ವಸೂಲು ಮಾಡುವುದೇ ಹೆಚ್ಚು. ಕಂದಾಯ ಏರಿತೆಂದರೆ ಶನಿವಾರ ಬಾಗಿಲು ತಟ್ಟುವ ಬಾಡಿಗೆಯೂ ಏರಿತೆಂದೇ ಲೆಕ್ಕ.

ಇದು ಸಾಲದೆಂಬಂತೆ ಬರೋ ಕೌನ್ಸಿಲ್ ತನ್ನ ಜನರಿಂದ ಇನ್ನೂ ನಾಲ್ವರ ಪರವಾಗಿ ಹಣ ಎತ್ತಿಕೊಡಬೇಕಿತ್ತು: ಕೌಂಟಿ ಕೌನ್ಸಿಲ್, ಪೊಲೀಸ್, ನೀರು ಸರಬರಾಜು ಮಂಡಲಿ, ಇಡೀ ನಗರದ ಸಾಂಕ್ರಾಮಿಕ ರೋಗಿಗಳ ಆಸ್ಪತ್ರೆಗಳನ್ನು ನಡೆಸುವ ಮಂಡಲಿ. 1921ರ ಮಾರ್ಚಿನಲ್ಲಿ ಪಾಪ್ಲರ್ ಕೌನ್ಸಿಲ್ ತೀರ್ಮಾನಿಸಿತು: ನಮ್ಮ ಕೆಲಸಕ್ಕೆ ಬೇಕಾದ ಕಂದಾಯ ಎತ್ತುತ್ತೇವೆ, ಬಡವರ ಪರಿಹಾರಕ್ಕೆ ಎತ್ತುತ್ತೇವೆ, ಈ ನಾಲ್ಕಕ್ಕೆ ಎತ್ತುವುದಿಲ್ಲ. ಇಡೀ ಲಂಡನ್ನಿನ ಬಡತನದ ಖರ್ಚನ್ನು ಇಡೀ ಲಂಡನ್ ಹಂಚಿಕೊಳ್ಳಲಿ, ಆಮೇಲೆ ಮಾತಾಡೋಣ.

ಕಾನೂನಿನ ಪ್ರಕಾರ ಇದು ಅಪರಾಧ. ಅವರಿಗೂ ಅದು ಗೊತ್ತಿತ್ತು. ಹೈಕೋರ್ಟಿನಿಂದ ಕರೆ ಬಂತು. ಜುಲೈ 29ರಂದು ಕೌನ್ಸಿಲರುಗಳು ಪಾಪ್ಲರಿನಿಂದ ಸುಮಾರು ಐದು ಮೈಲಿ ಮೆರವಣಿಗೆಯಲ್ಲಿ ನಡೆದು ನ್ಯಾಯಾಲಯಕ್ಕೆ ಹೋದರು. ಮುಂದೆ ಕೌನ್ಸಿಲಿನ ದಂಡ ಹಿಡಿದವನು, ಕೊರಳಲ್ಲಿ ಅಧಿಕಾರದ ಸರಪಳಿ ಧರಿಸಿದ ಆಗಿನ ಮೇಯರ್ ಸ್ಯಾಮ್ ಮಾರ್ಚ್, ಬ್ಯಾಂಡು, ಹಿಂದೆ ಜನಸಾಗರ. ಹೈಕೋರ್ಟಿಗೆ ಹೊರಟಿದ್ದೇವೆ, ಅಲ್ಲಿಂದ ಜೈಲಿಗೂ ಹೋಗಬಹುದು ಎಂದು ಬ್ಯಾನರಿನಲ್ಲೇ ಬರೆಸಿದ್ದರು.

ಸೆಪ್ಟೆಂಬರ್ ಮೊದಲ ವಾರದಲ್ಲಿ ಬಂಧನ ಶುರುವಾಯಿತು. ಒಟ್ಟು 30 ಮಂದಿ: 25 ಗಂಡಸರು ಬ್ರಿಕ್ಸ್‌ಟನ್ ಜೈಲಿಗೆ, ಐವರು ಹೆಂಗಸರು ಹಾಲೊವೇ ಜೈಲಿಗೆ.

ಆ ಐವರನ್ನು ಹೆಸರಿಸದೆ ಮುಂದೆ ಹೋಗುವುದು ತಪ್ಪಾಗುತ್ತದೆ. ಜೂಲಿಯಾ ಸ್ಕರ್, ಜೆನ್ನಿ ಮೆಕೆ, ನೆಲ್ಲಿ ಕ್ರೆಸಾಲ್, ಸೂಸನ್ ಲಾರೆನ್ಸ್, ಮಿನ್ನಿ ಲ್ಯಾನ್ಸ್‌ಬರಿ. ಕ್ರೆಸಾಲ್ ಆಗ ಬಸುರಿ. ಆಕೆಯನ್ನು ಸೆರೆಯಲ್ಲಿಟ್ಟದ್ದು ಸರ್ಕಾರಕ್ಕೇ ಮುಜುಗರವಾಗಿ ಉಳಿದವರಿಗಿಂತ ಮೊದಲೇ ಬಿಡಬೇಕಾಯಿತು. ಎರಡನೆಯ ಮಹಾಯುದ್ಧದ ನಡುವೆ ಅದೇ ಪಾಪ್ಲರಿಗೆ ಆಕೆ ಮೇಯರ್ ಆದರು. ಸೂಸನ್ ಲಾರೆನ್ಸ್ ಕೇಂಬ್ರಿಡ್ಜಿನಲ್ಲಿ ಗಣಿತ ಓದಿದವರು, ಮೊದಲು ಕನ್ಸರ್ವೇಟಿವ್ ಪಕ್ಷದವರು. ಶಾಲೆ ಗುಡಿಸಿ ಒರೆಸುವ ಹೆಂಗಸರಿಗೆ ಕೌಂಟಿ ಕೌನ್ಸಿಲ್ ಕೊಡುತ್ತಿದ್ದ ಕೂಲಿ ನೋಡಿ ಪಕ್ಷ ಬಿಟ್ಟು ಬಂದಿದ್ದರು. 1923ರಲ್ಲಿ ಸಂಸತ್ತಿಗೆ ಗೆದ್ದ ಲೇಬರ್ ಪಕ್ಷದ ಮೊದಲ ಮೂವರು ಮಹಿಳೆಯರಲ್ಲಿ ಅವರೊಬ್ಬರು. ಮಿನ್ನಿ ಶಾಲಾ ಶಿಕ್ಷಕಿಯಾಗಿದ್ದವರು, ವಲಸೆ ಬಂದ ಯೆಹೂದಿ ಕುಟುಂಬದ ಮಗಳು, ಜಾರ್ಜ್ ಲ್ಯಾನ್ಸ್‌ಬರಿಯವರ ಸೊಸೆ.

ಜೈಲಿನೊಳಗೂ ಕೌನ್ಸಿಲ್ ನಿಲ್ಲಲಿಲ್ಲ. ಸಭೆ ಸೇರುವ ಹಕ್ಕು ಬೇಕೆಂದು ಹಟ ಹಿಡಿದರು, ಪಡೆದರು. ಹಾಲೊವೇಯಿಂದ ಮಹಿಳಾ ಸದಸ್ಯರನ್ನು ಮೋಟಾರಿನಲ್ಲಿ ಬ್ರಿಕ್ಸ್‌ಟನ್ನಿಗೆ ಕರೆತರುತ್ತಿದ್ದರು. ಊರಿನ ಕಡತ ವಿಲೇವಾರಿಯಾಗುತ್ತಿದ್ದದ್ದು ಸೆರೆಮನೆಯ ಕೋಣೆಯಲ್ಲಿ. ಸಂಜೆ ಹೊರಗೆ ಜನ ಸೇರಿದಾಗ ಲ್ಯಾನ್ಸ್‌ಬರಿ ಕಿಟಕಿಯ ಸರಳುಗಳ ಹಿಂದಿನಿಂದ ಭಾಷಣ ಮಾಡುತ್ತಿದ್ದರು. ಪಕ್ಕದ ಬೆತ್ನಲ್ ಗ್ರೀನ್, ಸ್ಟೆಪ್ನಿ ಕೌನ್ಸಿಲುಗಳೂ ಪಾಪ್ಲರಿನ ಹಾದಿ ಹಿಡಿಯಲು ನಿರ್ಣಯ ಮಾಡಿದವು. ಕಿಡಿ ಹರಡುತ್ತದೆಂದು ಕಂಡಾಗ ಸರ್ಕಾರಕ್ಕೆ ಸಂಧಾನ ನೆನಪಾಯಿತು. ಅಕ್ಟೋಬರ್ 12ರಂದು ಎಲ್ಲರೂ ಹೊರಗೆ ಬಂದರು, ಬಾಕಿ ಹಣ ಕಟ್ಟದೆಯೇ. ಕೆಲವೇ ವಾರಗಳಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿತು: ಮನೆಯಲ್ಲಿದ್ದೇ ಪರಿಹಾರ ಪಡೆಯುವ ಬಡವರ ಖರ್ಚನ್ನು ಇನ್ನು ಮೇಲೆ ಇಡೀ ಲಂಡನ್ನಿನ ಸಾಮಾನ್ಯ ನಿಧಿಯಿಂದ ಭರಿಸುವುದು. ವೆಸ್ಟ್‌ಮಿನ್‌ಸ್ಟರಿನ ಪೆನ್ನಿ ಪಾಪ್ಲರಿನ ಅಡುಗೆಮನೆಗೆ ತಲುಪಿತು.

1922ರ ಜನವರಿ 1ರಂದು ಮಿನ್ನಿ ಲ್ಯಾನ್ಸ್‌ಬರಿ ನ್ಯುಮೋನಿಯಾದಿಂದ ತೀರಿಕೊಂಡರು. ವಯಸ್ಸು 32. ಜೈಲುವಾಸ ಆಕೆಯನ್ನು ಕುಗ್ಗಿಸಿತ್ತೆಂದು ಜೊತೆಗಾರರು ನಂಬಿದ್ದರು. ಬೋ ರಸ್ತೆಯಲ್ಲಿ ಆಕೆಯ ನೆನಪಿನ ಗಡಿಯಾರವೊಂದು ಈಗಲೂ ಇದೆ.

ಪಾಪ್ಲರ್ ಹಿಡಿದ ಈ ಹಾದಿಯನ್ನು ಸ್ವಪಕ್ಷದಲ್ಲೇ ಎಲ್ಲರೂ ಒಪ್ಪಲಿಲ್ಲ. ಆಗ ಹ್ಯಾಕ್ನಿಯ ಮೇಯರ್ ಆಗಿದ್ದ ಹರ್ಬರ್ಟ್ ಮಾರಿಸನ್ ಅದನ್ನು ಖಂಡಿಸಿದರು. ಕಾನೂನು ಮುರಿಯುವವರು ಎಂಬ ಹೆಸರು ಬಂದರೆ ಆಡಳಿತ ನಡೆಸಬಲ್ಲವರು ಎಂಬ ನಂಬಿಕೆ ಮತದಾರರಲ್ಲಿ ಹುಟ್ಟುವುದಿಲ್ಲ ಎಂಬುದು ಅವರ ವಾದ. ಅದರಲ್ಲಿ ತಿರುಳಿತ್ತು. 1922ರ ನವೆಂಬರಿನಲ್ಲಿ ಲಂಡನ್ನಿನುದ್ದಕ್ಕೂ ಲೇಬರ್ ಸೋತಿತು, ಅರ್ಧಕ್ಕೂ ಹೆಚ್ಚು ಸ್ಥಾನ ಕಳೆದುಕೊಂಡಿತು. ಆದರೆ ಪಾಪ್ಲರಿನಲ್ಲಿ ಸೋಲಲಿಲ್ಲ. ತಮಗಾಗಿ ಜೈಲಿಗೆ ಹೋದವರನ್ನು ಆ ಬೀದಿಗಳು ಕೈಬಿಡಲಿಲ್ಲ. ವರ್ಷಾನುಗಟ್ಟಲೆ ಅರ್ಜಿ, ನಿಯೋಗ, ಭಾಷಣಗಳಿಂದ ಬದಲಾಗದ ವ್ಯವಸ್ಥೆ ಆರು ವಾರದ ಸೆರೆವಾಸದಿಂದ ಬದಲಾಯಿತೆಂಬುದನ್ನು ನೋಡಿದರೆ, ಲ್ಯಾನ್ಸ್‌ಬರಿಯವರ ದಾರಿಯನ್ನು ಹುಂಬತನವೆಂದು ತಳ್ಳಿಹಾಕಲು ಆಗುವುದಿಲ್ಲ.

4 ಪೌಂಡ್ ಕೂಲಿಯ ಕಥೆ ಮಾತ್ರ ಬೇರೆ ರೀತಿ ಮುಗಿಯಿತು. ಬೆಲೆಗಳು ಇಳಿದರೂ ಕೌನ್ಸಿಲ್ ಕೂಲಿ ಇಳಿಸಲಿಲ್ಲ. ಲೆಕ್ಕ ತಪಾಸಿಗರು ಆಕ್ಷೇಪಿಸಿದರು, ಹೆಚ್ಚುವರಿ ಹಣವನ್ನು ಸದಸ್ಯರೇ ಕಟ್ಟಬೇಕೆಂದರು. 1925ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ನ್ಯಾಯಮೂರ್ತಿಗಳು ಕೌನ್ಸಿಲಿನ ವಿರುದ್ಧ ತೀರ್ಪು ಕೊಟ್ಟರು. ಸಮಾಜವಾದಿ ದಾನಬುದ್ಧಿ, ಗಂಡುಹೆಣ್ಣಿಗೆ ಸಮಾನ ಕೂಲಿ ಬೇಕೆಂಬ ಉತ್ಸಾಹ, ಇವು ಕೌನ್ಸಿಲಿನ ದಾರಿ ತಪ್ಪಿಸಿದವೆಂದು ಅವರಲ್ಲೊಬ್ಬರು ಬರೆದರು. ಕಾನೂನು ವಿದ್ಯಾರ್ಥಿಗಳು ಆ ತೀರ್ಪನ್ನು ಈಗಲೂ ಓದುತ್ತಾರೆ.

ಲೇಬರ್ ಹೆಚ್ಚಿನ ಕಡೆ ಸೋತ ಅದೇ 1922ರಲ್ಲಿ ಥೇಮ್ಸ್ ನದಿಯ ಆಚೆ ದಡದ ಬರ್ಮಂಡ್ಸಿಯಲ್ಲಿ ಗೆದ್ದಿತು. ಏಡಾ ಸಾಲ್ಟರ್ ಮೇಯರ್ ಆದರು. ಲಂಡನ್ನಿಗೆ ಮೊದಲ ಮಹಿಳಾ ಮೇಯರ್ ಅವರೇ. ಮೇಯರ್ ಗೌನು, ಸರಪಳಿ ಧರಿಸಲು ಒಪ್ಪಲಿಲ್ಲ. ಅವರ ಗಂಡ ಆಲ್‌ಫ್ರೆಡ್ ಸಾಲ್ಟರ್ ಡಾಕ್ಟರು. ದೊಡ್ಡ ಆಸ್ಪತ್ರೆಯ ವೃತ್ತಿಜೀವನ ಬಿಟ್ಟು ಚರ್ಮ ಹದಮಾಡುವ ಕಾರ್ಖಾನೆಗಳ ವಾಸನೆಯ ನಡುವೆ ಬಡವರಿಗೆ ಔಷಧಿ ಕೊಡಲು ಕೂತವರು. ಗಂಡಹೆಂಡತಿ ಬಡವರ ನಡುವೆಯೇ ಮನೆ ಮಾಡಿದರು, ಒಬ್ಬಳೇ ಮಗಳನ್ನು ಅಲ್ಲಿಯ ಶಾಲೆಗೇ ಕಳಿಸಿದರು. ಎಂಟು ವರ್ಷದ ಜಾಯ್ಸ್ 1910ರಲ್ಲಿ ಸ್ಕಾರ್ಲೆಟ್ ಜ್ವರದಿಂದ ಸತ್ತಳು. ಆ ಮನೆಯಿಂದ ಬಂದ ಮೇಯರ್ ಕೊಳೆಗೇರಿಯ ಗಾಳಿ ಬೆಳಕಿನ ಬಗ್ಗೆ ಮಾತಾಡಿದರೆ ಜನ ಯಾಕೆ ನಂಬುತ್ತಿದ್ದರೆಂದು ಬಿಡಿಸಿ ಹೇಳಬೇಕಿಲ್ಲ.

ಬರ್ಮಂಡ್ಸಿ ಕೌನ್ಸಿಲ್ ಊರನ್ನು ಚೆಂದ ಮಾಡಲೆಂದೇ ಒಂದು ಸಮಿತಿ ರಚಿಸಿತು. ಬೀದಿಬೀದಿಗೆ ಸಾವಿರಾರು ಮರ ನೆಟ್ಟಿತು, ಹಳೆಯ ಸ್ಮಶಾನದ ಅಂಗಳಗಳಲ್ಲಿ ಹೂ ಬೆಳೆಸಿತು. 1926ರಲ್ಲಿ ಕ್ಷಯರೋಗಿಗಳಿಗಾಗಿ ಕೃತಕ ಬಿಸಿಲಿನ ಚಿಕಿತ್ಸಾಲಯ ತೆರೆಯಿತು. ಬ್ರಿಟನ್ನಿನಲ್ಲಿ ಒಂದು ಪೌರಾಡಳಿತ ಇದನ್ನು ತೆರೆದದ್ದು ಅದೇ ಮೊದಲು. ಕೆಲವು ರೋಗಿಗಳನ್ನು ಸ್ವಿಟ್ಜರ್ಲೆಂಡಿನ ಲೇಸಾಂ ಬೆಟ್ಟಕ್ಕೆ ಕೌನ್ಸಿಲ್ ಖರ್ಚಿನಲ್ಲೇ ಕಳಿಸಿತು. ಎಲ್ಲಕ್ಕಿಂತ ಸೊಗಸಿನ ಸಂಗತಿ ಅದರ ಸಿನಿಮಾ ಗಾಡಿ. ಆರೋಗ್ಯ ಇಲಾಖೆಯವರು ತಾವೇ ಚಿಕ್ಕ ಮೂಕಿಚಿತ್ರಗಳನ್ನು ತೆಗೆದರು: ಹಲ್ಲುಜ್ಜುವುದು ಹೇಗೆ, ಮಗುವಿಗೆ ಹಾಲು ಹೇಗೆ ಕೊಡಬೇಕು, ಕ್ಷಯ ಹೇಗೆ ಹರಡುತ್ತದೆ. ಮೋಟಾರು ಗಾಡಿಗೆ ಪರದೆ ಕಟ್ಟಿ ಸಂಜೆ ಬೀದಿಯ ತುದಿಯಲ್ಲಿ ನಿಲ್ಲಿಸಿದರೆ ಮಕ್ಕಳು ಮುತ್ತಿಕೊಳ್ಳುತ್ತಿದ್ದರು, ಚಿತ್ರದ ಜೊತೆಗೆ ಆರೋಗ್ಯಾಧಿಕಾರಿಯ ಮಾತು.

ಲಂಡನ್ನಿನ ಹೊರಗೆ ಚಿತ್ರ ಇಷ್ಟು ಚುರುಕಾಗಿರಲಿಲ್ಲ. ಸಣ್ಣ ಊರುಗಳಲ್ಲಿ ಎಷ್ಟೋ ವಾರ್ಡುಗಳಿಗೆ ಎದುರಾಳಿಯೇ ಇರುತ್ತಿರಲಿಲ್ಲ. ಅಂಗಡಿ ಯಜಮಾನರು, ವಕೀಲರು ಪಕ್ಷೇತರರೆಂದು ಹೇಳಿಕೊಂಡು ಅವಿರೋಧವಾಗಿ ಬರುತ್ತಿದ್ದರು. ಲಿವರ್‌ಪೂಲಿನಲ್ಲಿ ಕೌನ್ಸಿಲ್ ಚುನಾವಣೆ ಕೆಲವು ವಾರ್ಡುಗಳಲ್ಲಿ ಪ್ರಾಟೆಸ್ಟೆಂಟರ ಮತ್ತು ಐರಿಷ್ ಕ್ಯಾಥೊಲಿಕರ ಜಗಳವೇ ಆಗಿತ್ತು. ಉಕ್ಕಿನ ನಗರ ಷೆಫೀಲ್ಡ್ 1926ರಲ್ಲಿ ಲೇಬರ್ ಕೈಗೆ ಬಂತು. ಯಾರ್ಕ್‌ಷೈರಿನ ಕೌಂಟಿ ಕೌನ್ಸಿಲಿನಲ್ಲಿ ತಾಯಿ ಆಲ್ಡರ್‌ಮನ್ (ಕೌನ್ಸಿಲರುಗಳೇ ಆರಿಸುವ ಹಿರಿಯ ಸದಸ್ಯೆ) ಆಗಿದ್ದುದನ್ನು ನೋಡಿ ಬೆಳೆದ ವಿನಿಫ್ರೆಡ್ ಹೋಲ್ಟ್‌ಬಿ ‘ಸೌತ್ ರೈಡಿಂಗ್’ ಎಂಬ ಕಾದಂಬರಿ ಬರೆದರು. ಅದರ ಭಾಗಗಳಿಗೆ ಶಿಕ್ಷಣ, ರಸ್ತೆ ಮತ್ತು ಸೇತುವೆ ಎಂದು ಕೌನ್ಸಿಲಿನ ಸಮಿತಿಗಳ ಕೆಲಸಗಳದ್ದೇ ಹೆಸರು. 1936ರಲ್ಲಿ ಅದು ಅಚ್ಚಾದಾಗ ಲೇಖಕಿ ತೀರಿಕೊಂಡು ತಿಂಗಳುಗಳಾಗಿದ್ದವು.

ಲೀಡ್ಸ್ ನಗರದ್ದು ಕಹಿ ಪಾಠ. ಅಲ್ಲಿ ಬೆನ್ನಿಗೆ ಬೆನ್ನು ಅಂಟಿಸಿ ಕಟ್ಟಿದ, ಹಿಂದುಗಡೆ ಕಿಟಕಿಯೇ ಇಲ್ಲದ ಮನೆಗಳು ಸಾವಿರಾರು. ಚಾರ್ಲ್ಸ್ ಜೆಂಕಿನ್ಸನ್ ಎಂಬ ಪಾದ್ರಿ ಕೌನ್ಸಿಲಿಗೆ ಗೆದ್ದು ಬಂದರು. 1933ರಲ್ಲಿ ಲೇಬರಿಗೆ ಅಧಿಕಾರ ಸಿಕ್ಕಾಗ ಸುಮಾರು 30,000 ಮನೆ ಕೆಡವಿ ಹೊಸದು ಕಟ್ಟುವ ಯೋಜನೆ ಹಾಕಿದರು. ಕೌನ್ಸಿಲ್ ಮನೆಗಳಲ್ಲಿ ಆದಾಯ ನೋಡಿ ಬಾಡಿಗೆ ಎಂಬ ನಿಯಮ ತಂದರು. ತೀರಾ ಬಡವರಿಗೆ ಬಾಡಿಗೆಯೇ ಇಲ್ಲ, ಸ್ವಲ್ಪ ಅನುಕೂಲವಿದ್ದವರಿಗೆ ಹೆಚ್ಚು. ನ್ಯಾಯವಾದದ್ದೇ. ಆದರೆ ಹೆಚ್ಚು ಕೊಡಬೇಕಾದ ಬಾಡಿಗೆದಾರರು, ಅಂದರೆ ಅವರಿಗೇ ಮತ ಹಾಕಿದ ಕಾರ್ಮಿಕರು, ಸಿಡಿದೆದ್ದರು. 1935ರ ನವೆಂಬರಿನಲ್ಲಿ ಲೇಬರ್ ಸೋತಿತು. ಬಡತನದ ಖರ್ಚು ಯಾರು ಹೊರಬೇಕೆಂಬ ಪಾಪ್ಲರಿನ ಪ್ರಶ್ನೆ ಇಲ್ಲಿ ಒಂದೇ ಬೀದಿಯ ಎರಡು ಮನೆಗಳ ನಡುವೆ ಎದ್ದಿತ್ತು, ಅದಕ್ಕೆ ಒಪ್ಪಿಗೆಯ ಉತ್ತರ ಸಿಗಲಿಲ್ಲ.

1934 ಲಂಡನ್ನಿನ ಮಟ್ಟಿಗೆ ತಿರುವಿನ ವರ್ಷ. ಮಾರ್ಚಿನಲ್ಲಿ ಕೌಂಟಿ ಕೌನ್ಸಿಲಿನ 124 ಸ್ಥಾನಗಳಲ್ಲಿ 69 ಗೆದ್ದು ಲೇಬರ್ ಮೊದಲ ಬಾರಿ ಅಧಿಕಾರಕ್ಕೆ ಬಂತು, ನಾಯಕ ಅದೇ ಮಾರಿಸನ್. ನವೆಂಬರ್ 1ರ ಬರೋ ಚುನಾವಣೆಯಲ್ಲಿ 28ರಲ್ಲಿ 15 ಬರೋಗಳು ಅದರ ಪಾಲಾದವು. ಅಂದು ಗೆದ್ದವರ ಪಟ್ಟಿಯಲ್ಲಿ ಎರಡು ಭಾರತೀಯ ಹೆಸರುಗಳಿವೆ.

ಒಂದು, ಸೇಂಟ್ ಪ್ಯಾಂಕ್ರಸಿನ ವಿ.ಕೆ. ಕೃಷ್ಣ ಮೆನನ್. ಭಾರತದ ಸ್ವಾತಂತ್ರ್ಯಕ್ಕಾಗಿ ಲಂಡನ್ನಿನಲ್ಲಿ ದುಡಿಯುತ್ತಿದ್ದ ಇಂಡಿಯಾ ಲೀಗಿನ ಕಾರ್ಯದರ್ಶಿ. 1947ರಲ್ಲಿ ಸ್ವತಂತ್ರ ಭಾರತದ ಹೈಕಮಿಷನರ್ ಆಗುವವರೆಗೆ ಕೌನ್ಸಿಲರ್ ಆಗಿಯೇ ಇದ್ದರು. ಪುಸ್ತಕವೆಂದರೆ ಪ್ರಾಣ ಬಿಡುತ್ತಿದ್ದವರು, 1937ರಲ್ಲಿ ಹೊರಟ ಅಗ್ಗದ ಬೆಲೆಯ ಪೆಲಿಕನ್ ಪುಸ್ತಕಮಾಲೆಯ ಮೊದಲ ಸಂಪಾದಕರಲ್ಲೊಬ್ಬರು. ಕೌನ್ಸಿಲಿನಲ್ಲೂ ಅವರು ಹಚ್ಚಿಕೊಂಡದ್ದು ಗ್ರಂಥಾಲಯದ ಕೆಲಸವನ್ನೇ. 1955ರಲ್ಲಿ ಸೇಂಟ್ ಪ್ಯಾಂಕ್ರಸ್ ಅವರಿಗೆ ಬರೋದ ಗೌರವ ಪೌರತ್ವ ಕೊಟ್ಟಿತು. ಅವರಿಗಿಂತ ಮುಂಚೆ ಆ ಗೌರವ ಸಿಕ್ಕಿದ್ದು ಬರ್ನಾರ್ಡ್ ಷಾಗೆ. ಷಾ ಕೂಡ ಒಂದು ಕಾಲದಲ್ಲಿ ಅದೇ ಸೇಂಟ್ ಪ್ಯಾಂಕ್ರಸಿನ ಆಡಳಿತದಲ್ಲಿ ಸದಸ್ಯರಾಗಿ ಕೂತಿದ್ದವರು.

ಇನ್ನೊಂದು ಹೆಸರು ನಮ್ಮಲ್ಲಿ ಅಷ್ಟು ಕೇಳಿಬರುವುದಿಲ್ಲ, ಕೇಳಿಬರಬೇಕಿತ್ತು. ಡಾ. ಚುನಿಲಾಲ್ ಕಟಿಯಾಲ್. ಪಂಜಾಬಿನವರು, ಲಾಹೋರಿನಲ್ಲಿ ವೈದ್ಯಕೀಯ ಓದಿದವರು. ಲಂಡನ್ನಿನ ಡಾಕ್ ಕಾರ್ಮಿಕರ ನಡುವೆ, ಕ್ಯಾನಿಂಗ್ ಟೌನಿನಲ್ಲಿ, ಮೊದಲು ವೃತ್ತಿ ಹಿಡಿದರು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದ ಗಾಂಧೀಜಿ ಚಾರ್ಲಿ ಚಾಪ್ಲಿನ್ನರನ್ನು ಕಂಡದ್ದು ಈ ಡಾಕ್ಟರ ಮನೆಯಲ್ಲೇ. ಗಾಂಧೀಜಿ ಆಗ ಇಳಿದುಕೊಂಡಿದ್ದ ಕಿಂಗ್ಸ್‌ಲಿ ಹಾಲ್ ಇರುವುದು ಪಾಪ್ಲರ್ ಬರೋದ ಬೋ ಭಾಗದಲ್ಲಿ. ಅದನ್ನು ತಂಗಿಯ ಜೊತೆ ಸೇರಿ ಕಟ್ಟಿ ನಡೆಸುತ್ತಿದ್ದ ಮ್ಯೂರಿಯಲ್ ಲೆಸ್ಟರ್, ಜೈಲಿನ ಗಲಾಟೆಯ ನಂತರದ ವರ್ಷಗಳಲ್ಲಿ ಪಾಪ್ಲರ್ ಕೌನ್ಸಿಲಿನಲ್ಲಿ ಆಲ್ಡರ್‌ಮನ್ ಆಗಿ ತಾಯಿಮಕ್ಕಳ ಆರೈಕೆಯ ಕೆಲಸ ನೋಡಿಕೊಂಡವರು. ಗಾಂಧೀಜಿ ಅರಮನೆಯಂಥ ಹೋಟೆಲು ಬಿಟ್ಟು ತಂಗಿದ ಬೀದಿಗಳು ಅದಾಗಲೇ ಹತ್ತು ವರ್ಷದ ಕೆಳಗೆ ತಮ್ಮದೇ ಅಸಹಕಾರ ನಡೆಸಿದ್ದ ಬೀದಿಗಳು.

ಕಟಿಯಾಲ್ ಗೆದ್ದದ್ದು ಫಿನ್ಸ್‌ಬರಿಯಲ್ಲಿ. ಅದೇ ಫಿನ್ಸ್‌ಬರಿಯಿಂದ 1892ರಲ್ಲಿ ದಾದಾಭಾಯಿ ನವರೋಜಿ ಬೆರಳೆಣಿಕೆಯ ಮತಗಳ ಅಂತರದಲ್ಲಿ ಸಂಸತ್ತಿಗೆ ಗೆದ್ದಿದ್ದರು. ಭಾರತೀಯರು ನಿಲ್ಲಲು ಸಾಧ್ಯವಾದದ್ದು ಹೇಗೆ ಎಂದರೆ, ಅವರು ಕಾನೂನಿನ ಕಣ್ಣಿಗೆ ಬ್ರಿಟಿಷ್ ಪ್ರಜೆಗಳು. ಸಾಮ್ರಾಜ್ಯದ ಯಾವ ಮೂಲೆಯವರಾದರೂ ಇಂಗ್ಲೆಂಡಿನಲ್ಲಿ ಮನೆ ಹಿಡಿದರೆ ಅಲ್ಲಿ ಮತದಾರರೂ ಹೌದು, ಅಭ್ಯರ್ಥಿಯೂ ಹೌದು. ತಾಯ್ನಾಡಿನಲ್ಲಿ ದೇಶದ ಆಡಳಿತದ ಬಗ್ಗೆ ಅಂತಿಮ ಮಾತು ವೈಸ್‌ರಾಯ್ ಮತ್ತು ಲಂಡನ್ನಿನದು. ಅದೇ ಲಂಡನ್ನಿನ ಕಾರ್ಮಿಕರ ಬೀದಿಗಳು ತಮ್ಮ ಮಕ್ಕಳ ಆರೋಗ್ಯದ ಹೊಣೆಯನ್ನು ಒಬ್ಬ ಭಾರತೀಯ ಡಾಕ್ಟರಿಗೆ ಒಪ್ಪಿಸಿದವು.

ಅವರು ಸಾರ್ವಜನಿಕ ಆರೋಗ್ಯ ಸಮಿತಿಯ ಅಧ್ಯಕ್ಷರಾದರು. ಕ್ಷಯ, ರಿಕೆಟ್ಸ್, ತಿಗಣೆ ತುಂಬಿದ ಕೋಣೆಗಳು: ಫಿನ್ಸ್‌ಬರಿಯ ಕಾಯಿಲೆಗಳೆಲ್ಲ ಮನೆಯಿಂದಲೇ ಹುಟ್ಟಿದವು. ಸೇವೆಗಳು ಅಲ್ಲೊಂದು ಇಲ್ಲೊಂದು ಚದುರಿದ್ದವು. ಎಲ್ಲವನ್ನೂ ಒಂದೇ ಸೂರಿನಡಿ ತರಬೇಕೆಂದು ಅವರೂ ಕೌನ್ಸಿಲಿನ ನಾಯಕ ಹೆರಾಲ್ಡ್ ರೈಲಿಯವರೂ ನಿಶ್ಚಯಿಸಿದರು. ಕಟಿಯಾಲ್ 1932ರಲ್ಲಿ ಒಂದು ವೈದ್ಯಕೀಯ ಪ್ರದರ್ಶನದಲ್ಲಿ ಕ್ಷಯ ಚಿಕಿತ್ಸಾಲಯದ ಮಾದರಿಯೊಂದನ್ನು ನೋಡಿ ನೆನಪಿಟ್ಟಿದ್ದರು. ಅದನ್ನು ರೂಪಿಸಿದ ಟೆಕ್ಟನ್ ತಂಡವನ್ನೇ, ಅದರ ಮುಖ್ಯ ವಾಸ್ತುಶಿಲ್ಪಿ ಬರ್ಥೋಲ್ಡ್ ಲುಬೆಟ್ಕಿನ್ನರನ್ನೇ, ಕರೆಸಿದರು. 1938ರ ಅಕ್ಟೋಬರ್ 21ರಂದು ಪೈನ್ ಸ್ಟ್ರೀಟಿನಲ್ಲಿ ಫಿನ್ಸ್‌ಬರಿ ಆರೋಗ್ಯ ಕೇಂದ್ರ ತೆರೆಯಿತು. ಎರಡು ತೋಳು ಚಾಚಿ ಒಳಗೆ ಬನ್ನಿ ಎನ್ನುವಂಥ ಕಟ್ಟಡ, ಗಾಜಿನ ಇಟ್ಟಿಗೆಗಳ ಗೋಡೆಯಿಂದ ಒಳಗೆಲ್ಲ ಬೆಳಕು. ಕ್ಷಯ ಚಿಕಿತ್ಸೆ, ಹಲ್ಲಿನ ವಿಭಾಗ, ಪಾದದ ವಿಭಾಗ, ಹೆಂಗಸರ ವಿಭಾಗ, ಬಿಸಿಲು ಚಿಕಿತ್ಸೆ. ಹುಳು ಬಿದ್ದ ಹಾಸಿಗೆ ಬಟ್ಟೆಗಳನ್ನು ಶುದ್ಧಿ ಮಾಡುವ ಘಟಕ. ಮನೆಗೆ ಹೊಗೆ ಹಾಕಿಸುವಷ್ಟು ದಿನ ಆ ಮನೆಯವರು ಇರಲು ಕೋಣೆಗಳು. ರಾಷ್ಟ್ರೀಯ ಆರೋಗ್ಯ ಸೇವೆ ಬರಲು ಇನ್ನೂ ಹತ್ತು ವರ್ಷವಿತ್ತು. ಕೇಂದ್ರ ತೆರೆದ ವರ್ಷವೇ ಕಟಿಯಾಲ್ ಫಿನ್ಸ್‌ಬರಿಯ ಮೇಯರ್ ಆದರು, ದಕ್ಷಿಣ ಏಷ್ಯಾ ಮೂಲದವರೊಬ್ಬರು ಬ್ರಿಟನ್ನಿನಲ್ಲಿ ಮೇಯರ್ ಆದದ್ದು ಅದೇ ಮೊದಲು.

ಎರಡನೆಯ ಮಹಾಯುದ್ಧದ ನಡುವೆ ಕಲಾವಿದ ಏಬ್ರಂ ಗೇಮ್ಸ್ ಸೈನಿಕರಿಗಾಗಿ ಒಂದು ಪೋಸ್ಟರ್ ಬರೆದರು. ಕುಸಿದ ಗೋಡೆಯ ನಡುವೆ ರಿಕೆಟ್ಸ್ ಬಡಿದ ಮಗು, ಅದರ ಮೇಲೆ ಬೆಳಗುತ್ತಿರುವ ಫಿನ್ಸ್‌ಬರಿ ಆರೋಗ್ಯ ಕೇಂದ್ರ: ನೀವು ಹೋರಾಡುತ್ತಿರುವುದು ಇಂಥ ಬ್ರಿಟನ್ನಿಗಾಗಿ ಎಂಬ ಅರ್ಥ. ದೇಶಕ್ಕೆ ಅವಮಾನವೆಂದು ಪ್ರಧಾನಿ ಚರ್ಚಿಲ್ ಸಿಟ್ಟಾದರು, ಪೋಸ್ಟರನ್ನು ಹಿಂತೆಗೆಸಿದರು.

ಆ ಹೊತ್ತಿಗೆ ಸ್ಥಳೀಯ ಚುನಾವಣೆಗಳು ನಿಂತುಹೋಗಿದ್ದವು. ಲಂಡನ್ನಿನಲ್ಲಿ ಯುದ್ಧಕ್ಕೆ ಮುಂಚಿನ ಕೊನೆಯ ಸುತ್ತು 1937ರದ್ದು. ಆ ಮಾರ್ಚಿನಲ್ಲಿ ಮೋಸ್ಲಿ ಎಂಬ ನಾಯಕನ ಫ್ಯಾಸಿಸ್ಟರು ಪೂರ್ವ ಲಂಡನ್ನಿನಲ್ಲಿ ಕೌಂಟಿ ಕೌನ್ಸಿಲಿಗೆ ನಿಂತರು, ಬೆತ್ನಲ್ ಗ್ರೀನಿನ ಒಂದು ಭಾಗದಲ್ಲಿ ಐದರಲ್ಲೊಂದಕ್ಕೂ ಹೆಚ್ಚು ಪಾಲು ಮತ ಪಡೆದರು, ಒಂದು ಸ್ಥಾನವನ್ನೂ ಗೆಲ್ಲಲಿಲ್ಲ. ಅವರ ಬೆಂಬಲಿಗರಲ್ಲಿ ಎಷ್ಟೋ ಜನ ಅಪ್ಪಅಮ್ಮನ ಮನೆಯಲ್ಲಿದ್ದ ಯುವಕರು. ಮನೆ ಹಿಡಿದವರಿಗಷ್ಟೇ ಮತ ಎಂಬ ಹಳೆಯ ನಿಯಮ ಆ ಒಂದು ಸಲ ಒಳ್ಳೆಯದನ್ನೇ ಮಾಡಿತು.

ಡಾ. ಕಟಿಯಾಲ್ 1948ರಲ್ಲಿ ಸ್ವತಂತ್ರ ಭಾರತಕ್ಕೆ ಮರಳಿದರು. ಆ ವರ್ಷ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ ಬಂದಿತ್ತು. ಅದರಡಿ ಹುಟ್ಟಿದ ನಿಗಮಕ್ಕೆ, ನಾವೆಲ್ಲ ಇಎಸ್‌ಐ ಎನ್ನುವ ಸಂಸ್ಥೆಗೆ, ಮಹಾನಿರ್ದೇಶಕರಾಗಿ 1953ರವರೆಗೆ ಕೆಲಸ ಮಾಡಿದರು. 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಮೊದಲು ಜಾರಿಯಾಯಿತು, ಆಮೇಲೆ ನಮ್ಮಲ್ಲಿಗೂ ಬಂತು. ಬೆಂಗಳೂರಿನ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಬೆಳಿಗ್ಗೆ ಚೀಟಿ ಮಾಡಿಸಲು ಸಾಲು ನಿಲ್ಲುವ ಗಾರ್ಮೆಂಟ್ಸ್ ಕಾರ್ಮಿಕರ ಔಷಧಿಯ ಖರ್ಚು ಅವರೊಬ್ಬರ ಮೇಲೆ ಬೀಳುವುದಿಲ್ಲ. ದೇಶದ ಉದ್ದಗಲಕ್ಕೆ ವಿಮೆಗೆ ಸೇರಿದವರ ಕೂಲಿಯಿಂದ ಶೇ 0.75, ಅವರ ಮಾಲೀಕರಿಂದ ಶೇ 3.25, ಎಲ್ಲವೂ ಒಂದೇ ನಿಧಿಗೆ.